ನಜ್ಜುಗುಜ್ಜಾಗಬೇಕಾದದ್ದು ಕಾರು, ನಾವಲ್ಲ

ರಸ್ತೆ ಅಪಘಾತದ ವರದಿಗಳಲ್ಲಿ ದಶಕಗಳಿಂದ ಬದಲಾಗದೆ ಉಳಿದಿರುವ ಒಂದು ವಾಕ್ಯವಿದೆ: ‘ಡಿಕ್ಕಿಯ ರಭಸಕ್ಕೆ ಕಾರಿನ ಮುಂಭಾಗ ಸಂಪೂರ್ಣ ನಜ್ಜುಗುಜ್ಜಾಗಿದೆ.’ ಜೊತೆಗೊಂದು ಚಿತ್ರ. ಬಾನೆಟ್ ಕಾಗದದಂತೆ ಮಡಚಿಹೋಗಿರುತ್ತದೆ, ದೀಪಗಳಿದ್ದ ಜಾಗದಲ್ಲಿ ತೂತುಗಳಿರುತ್ತವೆ, ಸುತ್ತ ಒಂದಷ್ಟು ಜನ ಸೇರಿರುತ್ತಾರೆ. ಆ ಚಿತ್ರವನ್ನು ನೋಡಿದವರ ಉದ್ಗಾರವೂ ಅಷ್ಟೇ ಸಿದ್ಧವಾಗಿರುತ್ತದೆ. ‘ಈಗಿನ ಕಾರುಗಳೆಲ್ಲ ಬರೀ ತಗಡಿನ ಡಬ್ಬಿ. ಹಳೇ ಅಂಬಾಸಡರ್ ಆಗಿದ್ದರೆ ಒಂದು ಗೀರೂ ಬೀಳುತ್ತಿರಲಿಲ್ಲ.’

ಗೀರು ಬೀಳುತ್ತಿರಲಿಲ್ಲವೆಂಬುದು ಉತ್ಪ್ರೇಕ್ಷೆ. ಆದರೆ ಹಳೆಯ ಗಡುಸು ಗಾಡಿ ಇಷ್ಟು ಸುಲಭವಾಗಿ ಮಡಚಿಕೊಳ್ಳುತ್ತಿರಲಿಲ್ಲವೆಂಬ ಮಾತಿನಲ್ಲಿ ಸತ್ಯವಿದೆ. ಅದರಿಂದ ಒಳಗಿದ್ದವರು ಬದುಕುತ್ತಿದ್ದರೆಂಬ ತೀರ್ಮಾನ ಮಾತ್ರ ತಿರುಗುಮುರುಗಾದದ್ದು. ಕಾರು ಮಡಚಿಕೊಂಡದ್ದು ಅದರ ದೌರ್ಬಲ್ಯವಲ್ಲ. ಅದಕ್ಕೆ ವಹಿಸಿದ ಕೆಲಸ. ಈ ಒಂದು ಸಂಗತಿ ಅರ್ಥವಾದರೆ ಹೆಲ್ಮೆಟ್ಟು, ಸೀಟ್‌ಬೆಲ್ಟು, ರಸ್ತೆಬದಿಯ ಕಬ್ಬಿಣದ ಪಟ್ಟಿ, ಲಾರಿಯ ಹಿಂದಿನ ಅಡ್ಡಪಟ್ಟಿ ಎಲ್ಲವೂ ಅರ್ಥವಾಗುತ್ತವೆ. ಅರ್ಥವಾಗದೇ ಹೋದರೆ ಅವೆಲ್ಲ ಪೊಲೀಸರಿಗೆ ದಂಡ ಕಟ್ಟುವುದನ್ನು ತಪ್ಪಿಸಿಕೊಳ್ಳುವ ಸಾಧನಗಳಾಗಿ ಮಾತ್ರ ಉಳಿಯುತ್ತವೆ. ನಮ್ಮಲ್ಲಿ ಈಗ ಉಳಿದಿರುವುದು ಹಾಗೆಯೇ.

ಇದರ ಹಿಂದಿನ ವಿಜ್ಞಾನ ಹೊಸದೇನಲ್ಲ. ಪ್ರೌಢಶಾಲೆಯ ಪಠ್ಯಪುಸ್ತಕದಲ್ಲಿ ಎಲ್ಲರೂ ಓದಿದ್ದೇ. ಚಲಿಸುವ ವಸ್ತುವಿನ ದ್ರವ್ಯರಾಶಿಯನ್ನು ಅದರ ವೇಗದಿಂದ ಗುಣಿಸಿದರೆ ಬರುವುದು ‘ಸಂವೇಗ’. ಒಂದು ಬಲವನ್ನು ಅದು ವರ್ತಿಸಿದ ಕಾಲದಿಂದ ಗುಣಿಸಿದರೆ ಬರುವುದು ‘ಆವೇಗ’. ಸಂವೇಗದಲ್ಲಿ ಆಗುವ ಬದಲಾವಣೆ ಆವೇಗಕ್ಕೆ ಸಮ. ಈ ಪಾರಿಭಾಷಿಕ ಪದವನ್ನು ಆರಿಸಿದವರ ಬಗ್ಗೆ ಸಣ್ಣದೊಂದು ತಕರಾರು ಇದೆ: ಸಾಹಿತ್ಯದಲ್ಲಿ ಆವೇಗವೆಂದರೆ ಭಾವದ ಉಕ್ಕು, ವಿದ್ಯಾರ್ಥಿ ಅದನ್ನು ಭೌತವಿಜ್ಞಾನದ ಪುಸ್ತಕದಲ್ಲಿ ಕಂಡಾಗ ಗಲಿಬಿಲಿಗೊಳ್ಳುವುದು ಸಹಜ. ‘ಗುದ್ದು’ ಎಂದಿದ್ದರೆ ಒಡನೆಯೇ ತಿಳಿಯುತ್ತಿತ್ತೇನೋ. ಇರಲಿ. ಪಠ್ಯದಲ್ಲಿ ಕೊಡುವ ಉದಾಹರಣೆಯಂತೂ ಯಾರಿಗೂ ಮರೆತಿರುವುದಿಲ್ಲ. ಕ್ರಿಕೆಟ್ ಆಟಗಾರ ಚೆಂಡನ್ನು ಹಿಡಿಯುವಾಗ ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ, ಏಕೆ? ಎರಡು ಅಂಕದ ಈ ಪ್ರಶ್ನೆಗೆ ಉತ್ತರ ಬರೆದು ಪಾಸಾದವರೇ ಮುಂದೆ ಹೆಲ್ಮೆಟ್ಟನ್ನು ಸ್ಕೂಟರಿನ ಕನ್ನಡಿಗೆ ನೇತುಹಾಕಿಕೊಂಡು ಹೋಗುತ್ತಾರೆ.

ಆಟಗಾರನ ಕೈಯಲ್ಲಿ ನಡೆಯುವುದು ಒಂದು ವ್ಯವಹಾರ. ಹಾರಿಬರುವ ಚೆಂಡಿನ ಸಂವೇಗ ಇಷ್ಟೇ ಎಂದು ಆಗಲೇ ನಿರ್ಧಾರವಾಗಿಬಿಟ್ಟಿದೆ. ಚೆಂಡು ನಿಲ್ಲಬೇಕಾದರೆ ಅಷ್ಟನ್ನೂ ಕಳೆಯಲೇಬೇಕು, ಅದರಲ್ಲಿ ಚೌಕಾಸಿಗೆ ಅವಕಾಶವಿಲ್ಲ. ಆದರೆ ಅದನ್ನು ಎಷ್ಟು ಹೊತ್ತಿನಲ್ಲಿ ಕಳೆಯಬೇಕೆಂಬುದು ಆಟಗಾರನ ಆಯ್ಕೆ. ಕೈಯನ್ನು ಬಿಗಿಯಾಗಿ ಒಡ್ಡಿದರೆ ಕ್ಷಣಾರ್ಧದಲ್ಲಿ ಕಳೆಯುತ್ತದೆ, ಬಲ ಹೆಚ್ಚು, ಅಂಗೈ ಉರಿಯುತ್ತದೆ. ಕೈಯನ್ನು ಹಿಂದಕ್ಕೆ ಬಿಟ್ಟುಕೊಟ್ಟರೆ ಕಾಲ ಹೆಚ್ಚು, ಬಲ ಕಡಿಮೆ. ಬಲ ಮತ್ತು ಕಾಲಗಳ ಗುಣಲಬ್ಧ ಬದಲಾಗದು; ಒಂದನ್ನು ಹಿಗ್ಗಿಸಿದರೆ ಇನ್ನೊಂದು ಕುಗ್ಗುತ್ತದೆ. ಮರದಿಂದ ಬಿದ್ದ ತೆಂಗಿನಕಾಯಿ ಮರಳಿನ ಮೇಲೆ ಹೂತುಕೊಂಡು ಸುಮ್ಮನಾಗುವುದಕ್ಕೂ ಚಪ್ಪಡಿಯ ಮೇಲೆ ಒಡೆದು ಹೋಳಾಗುವುದಕ್ಕೂ ವ್ಯತ್ಯಾಸ ಇಷ್ಟೇ. ಎರಡೂ ಕಾಯಿಗಳು ಬಿದ್ದ ಎತ್ತರ ಒಂದೇ, ನೆಲ ಮುಟ್ಟುವಾಗಿನ ವೇಗ ಒಂದೇ. ನಿಲ್ಲಲು ಸಿಕ್ಕ ಸಮಯ ಮಾತ್ರ ಬೇರೆ.

ಈ ಸರಳ ಲೆಕ್ಕಕ್ಕೆ ಬರಲು ಯುರೋಪಿನ ಪಂಡಿತರೂ ಎಡವಿದ್ದರು. ಹದಿನೇಳನೆಯ ಶತಮಾನದಲ್ಲಿ ಡೆಕಾರ್ಟ್ ಚಲನೆಯ ಪ್ರಮಾಣವನ್ನು ಅಳೆಯುವಾಗ ದಿಕ್ಕನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಹಾಗಾಗಿ ಅವನ ಡಿಕ್ಕಿಯ ನಿಯಮಗಳು ಬಹುಪಾಲು ತಪ್ಪಾದವು. ಅದನ್ನು ತಿದ್ದಿದವರಲ್ಲಿ ಹಾಲೆಂಡಿನ ಹೈಗೆನ್ಸ್ ಪ್ರಮುಖ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ಎರಡನೆಯ ನಿಯಮವನ್ನು ಹೇಳಿದ್ದೂ ಸಂವೇಗದ ಬದಲಾವಣೆಯ ಭಾಷೆಯಲ್ಲೇ.

ಈಗ ಈ ಲೆಕ್ಕವನ್ನು ನಮ್ಮ ರಸ್ತೆಗೆ ತರೋಣ. 60 ಕೆ.ಜಿ. ತೂಕದ ವ್ಯಕ್ತಿಯೊಬ್ಬ ಗಂಟೆಗೆ 50 ಕಿ.ಮೀ. ವೇಗದ ಕಾರಿನಲ್ಲಿ ಕುಳಿತಿದ್ದಾನೆ. ಇದು ದೊಡ್ಡ ವೇಗವೆಂದು ಯಾರಿಗೂ ಅನ್ನಿಸುವುದಿಲ್ಲ. ಆದರೆ ಹತ್ತು ಮೀಟರ್ ಎತ್ತರದಿಂದ, ಅಂದರೆ ಸುಮಾರು ಮೂರು ಅಂತಸ್ತಿನ ಮಾಳಿಗೆಯಿಂದ ಬಿದ್ದವನು ನೆಲ ಮುಟ್ಟುವ ವೇಗವೂ ಇಷ್ಟೇ. ಕಾರು ಗೋಡೆಗೆ ಗುದ್ದುತ್ತದೆ. ಮುಂಭಾಗ 60 ಸೆಂಟಿಮೀಟರಿನಷ್ಟು ಕುಸಿದು ಮಡಚಿಕೊಂಡರೆ ಕಾರು ನಿಲ್ಲಲು ಸೆಕೆಂಡಿನ ನೂರರಲ್ಲಿ ಒಂಬತ್ತು ಭಾಗದಷ್ಟು ಸಮಯ ಸಿಗುತ್ತದೆ. ಸೀಟಿಗೆ ಬಿಗಿದುಕೊಂಡ ಆ ವ್ಯಕ್ತಿಯ ಮೇಲೆ ಬೀಳುವ ಸರಾಸರಿ ಬಲ ಅವನ ತೂಕದ ಹದಿನಾರು ಪಟ್ಟು, ಹೆಚ್ಚುಕಡಿಮೆ ಒಂದು ಟನ್ ಭಾರದಷ್ಟು. ಪಕ್ಕೆಲುಬು ಮುರಿಯಬಹುದು, ಆದರೆ ಬದುಕಬಹುದು. ಅದೇ ಕಾರು ಜನ ಬಯಸುವಷ್ಟು ‘ಗಟ್ಟಿ’ಯಾಗಿದ್ದು ಕೇವಲ ಐದು ಸೆಂಟಿಮೀಟರ್ ಕುಸಿದಿದ್ದರೆ? ಸಿಗುವ ಸಮಯ ಹನ್ನೆರಡರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಬಲ ಹನ್ನೆರಡು ಟನ್ನಿಗೆ ಏರುತ್ತದೆ. ಕಾರಿಗೆ ಏನೂ ಆಗಿರುವುದಿಲ್ಲ.

ವೇಗವನ್ನು ಇಮ್ಮಡಿಗೊಳಿಸಿ ನೋಡಿದರೆ ಇನ್ನೊಂದು ಕಟು ಸತ್ಯ ಗೋಚರಿಸುತ್ತದೆ. ಗಂಟೆಗೆ 100 ಕಿ.ಮೀ. ಆದಾಗ ಸಂವೇಗವೂ ಇಮ್ಮಡಿ. ಆದರೆ ಕುಸಿಯಲು ಇರುವ ಜಾಗ ಅದೇ 60 ಸೆಂಟಿಮೀಟರ್. ಅದನ್ನು ಇಮ್ಮಡಿ ವೇಗದಲ್ಲಿ ದಾಟುವುದರಿಂದ ಸಿಗುವ ಕಾಲ ಅರ್ಧಕ್ಕಿಳಿಯುತ್ತದೆ. ಕಳೆಯಬೇಕಾದದ್ದು ಎರಡರಷ್ಟು, ಅದಕ್ಕಿರುವ ಸಮಯ ಅರ್ಧ, ಬಲ ನಾಲ್ಕರಷ್ಟು. ಹೆದ್ದಾರಿಯಲ್ಲಿ ಎಂಬತ್ತರ ಬದಲು ನೂರಿಪ್ಪತ್ತರಲ್ಲಿ ಹೋದರೆ ಅಪಾಯ ಒಂದೂವರೆ ಪಟ್ಟು ಎಂದುಕೊಳ್ಳುವವರು ಈ ಲೆಕ್ಕವನ್ನು ಗಮನಿಸಬೇಕು. ಬಲ ಎರಡೂಕಾಲು ಪಟ್ಟಾಗುತ್ತದೆ.

ವೇಗವೇ ಕೊಲ್ಲುತ್ತದೆಂಬ ಮಾತು ಪೂರ್ಣ ನಿಜವಲ್ಲ ಎಂಬುದಕ್ಕೆ ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಪಾಲ್ ಸ್ಟ್ಯಾಪ್ ತನ್ನ ದೇಹವನ್ನೇ ಸಾಕ್ಷಿಯಾಗಿ ಒಡ್ಡಿದ. 1954ರ ಡಿಸೆಂಬರ್ 10ರಂದು ನ್ಯೂ ಮೆಕ್ಸಿಕೊದಲ್ಲಿ ಹಳಿಗಳ ಮೇಲೆ ಓಡುವ ರಾಕೆಟ್ ಬಂಡಿಯಲ್ಲಿ ತನ್ನನ್ನು ಬಿಗಿಯಾಗಿ ಕಟ್ಟಿಸಿಕೊಂಡು ಗಂಟೆಗೆ 1,017 ಕಿ.ಮೀ. ವೇಗ ಮುಟ್ಟಿದ. ನಂತರ ಬಂಡಿಯನ್ನು 1.4 ಸೆಕೆಂಡಿನಲ್ಲಿ ನಿಲ್ಲಿಸಲಾಯಿತು. ಒಂದು ಹಂತದಲ್ಲಿ ಅವನ ದೇಹದ ಮೇಲೆ ಅವನ ತೂಕದ 46 ಪಟ್ಟು ಬಲ ಬಿತ್ತು. ಕಣ್ಣಿನ ರಕ್ತನಾಳಗಳು ಒಡೆದು ದೃಷ್ಟಿ ಕೆಲಕಾಲ ಹೋಯಿತು, ಮರಳಿ ಬಂತು. ಸ್ಟ್ಯಾಪ್ ತೀರಿಕೊಂಡದ್ದು 1999ರಲ್ಲಿ, 89ನೆಯ ವಯಸ್ಸಿನಲ್ಲಿ. ಸಾವಿರ ಕಿ.ಮೀ. ವೇಗದಿಂದ ನಿಂತವನು ಬದುಕಿದ. ಮನೆಯ ಮುಂದಿನ ರಸ್ತೆಯಲ್ಲಿ ನಿಂತಿದ್ದ ಸ್ಕೂಟರಿನಿಂದ ತಲೆ ಕೆಳಗಾಗಿ ಬಿದ್ದವನು ಸಾಯಬಲ್ಲ. ಇಬ್ಬರ ನಡುವಿನ ಅಂತರ ವೇಗದ್ದಲ್ಲ, ನಿಲ್ಲಲು ಸಿಕ್ಕ ಸಮಯದ್ದು.

ಕಾರು ತಯಾರಿಕೆಯಲ್ಲಿ ಈ ತತ್ವವನ್ನು ಮೊದಲು ಅಳವಡಿಸಿದ ಕೀರ್ತಿ ಮರ್ಸಿಡಿಸ್ ಬೆಂಜ್ ಕಂಪನಿಯ ಎಂಜಿನಿಯರ್ ಬೇಲಾ ಬಾರೆನಿಗೆ ಸಲ್ಲುತ್ತದೆ. ಅಲ್ಲಿಯವರೆಗೆ ಇಡೀ ಕಾರು ಒಂದೇ ಸಮನೆ ಗಟ್ಟಿಯಾಗಿರಬೇಕೆಂಬುದು ನಂಬಿಕೆಯಾಗಿತ್ತು. ಜನ ಕೂರುವ ಕೋಣೆ ಮಾತ್ರ ಪಂಜರದಂತೆ ಗಡುಸಾಗಿರಲಿ, ಅದರ ಮುಂದಿನ ಮತ್ತು ಹಿಂದಿನ ಭಾಗಗಳು ಮಡಚಿಕೊಳ್ಳುವಂತಿರಲಿ ಎಂದು ಆತ ಸೂಚಿಸಿದ. ಐವತ್ತರ ದಶಕದ ಆರಂಭದಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. 1959ರ ಹೊತ್ತಿಗೆ ಅಂಥ ಕಾರು ಮಾರುಕಟ್ಟೆಗೆ ಬಂತು. ಇಂದು ಬಹುತೇಕ ಎಲ್ಲ ಕಾರುಗಳೂ ಇದೇ ವಿನ್ಯಾಸದವು. ಹಾಗಾಗಿ ಅಪಘಾತದ ಚಿತ್ರವನ್ನು ನೋಡುವಾಗ ಬಾನೆಟ್ಟಿನ ಮೇಲೆ ಕಣ್ಣಿಟ್ಟು ಪ್ರಯೋಜನವಿಲ್ಲ. ಮುಂದಿನ ಗಾಜಿನ ಕಂಬಗಳು ನೆಟ್ಟಗಿವೆಯೇ, ಬಾಗಿಲು ತೆರೆಯುವಂತಿದೆಯೇ, ಸ್ಟಿಯರಿಂಗ್ ಸೀಟಿನತ್ತ ನುಗ್ಗಿದೆಯೇ ಎಂಬುದನ್ನು ನೋಡಬೇಕು. ಅಲ್ಲಿಯೂ ನಜ್ಜುಗುಜ್ಜಾಗಿದ್ದರೆ ತಗಡಿನ ಡಬ್ಬಿ ಎಂಬ ಬೈಗುಳ ನ್ಯಾಯವಾದದ್ದೇ. 2023ರ ಅಕ್ಟೋಬರ್ 1ರಂದು ಜಾರಿಗೆ ಬಂದ ‘ಭಾರತ್ ಎನ್‌ಕ್ಯಾಪ್’ ಪರೀಕ್ಷೆಯಲ್ಲಿ ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಸಿ ನಕ್ಷತ್ರಗಳನ್ನು ಕೊಡುತ್ತಾರಲ್ಲ, ಅಲ್ಲಿ ಅಳೆಯುವುದು ಒಳಗಿರುವ ಬೊಂಬೆಗಳ ತಲೆ, ಎದೆ, ತೊಡೆಗಳ ಮೇಲೆ ಎಷ್ಟು ಬಲ ಬಿತ್ತೆಂಬುದನ್ನು. ತಗಡು ಎಷ್ಟು ದಪ್ಪವೆಂದು ಅಲ್ಲಿ ಯಾರೂ ಬೆರಳಿನಿಂದ ತಟ್ಟಿ ನೋಡುವುದಿಲ್ಲ. ಷೋರೂಮಿನಲ್ಲಿ ನಾವು ಮಾಡುವುದು ಅದನ್ನೇ.

ಆದರೆ ಕಾರು ತನ್ನ ಮೂತಿಯನ್ನು ಬಲಿಕೊಟ್ಟು ಸಂಪಾದಿಸಿದ ಈ ಕಾಲಾವಕಾಶದಲ್ಲಿ ಎಲ್ಲರಿಗೂ ಪಾಲು ತಾನಾಗಿ ದೊರೆಯುವುದಿಲ್ಲ. ಪಾಲು ಬೇಕೆಂದರೆ ಕಾರಿಗೆ ಕಟ್ಟಿಕೊಂಡಿರಬೇಕು. ಬೆಲ್ಟ್ ಧರಿಸದವನ ಪಾಲಿಗೆ ಡಿಕ್ಕಿ ಎರಡು ಬಾರಿ ನಡೆಯುತ್ತದೆ. ಮೊದಲನೆಯದು ಕಾರಿನದು. ಅದು ನಿಲ್ಲುತ್ತಿರುವಾಗ ಇವನು ಜಡತ್ವದಿಂದ ಅದೇ 50 ಕಿ.ಮೀ. ವೇಗದಲ್ಲಿ ಮುಂದುವರಿದಿರುತ್ತಾನೆ. ಕಾರು ನಿಂತ ಮೇಲೆ ಎರಡನೆಯ ಡಿಕ್ಕಿ: ಇವನು ಗಾಜಿಗೋ ಡ್ಯಾಶ್‌ಬೋರ್ಡಿಗೋ ಗುದ್ದುತ್ತಾನೆ, ಕೆಲವೇ ಸೆಂಟಿಮೀಟರ್ ಅಂತರದಲ್ಲಿ ನಿಲ್ಲುತ್ತಾನೆ. ವೈದ್ಯರು ಮೂರನೆಯದೊಂದನ್ನೂ ಸೇರಿಸುತ್ತಾರೆ. ದೇಹ ನಿಂತ ಮೇಲೂ ಒಳಗಿನ ಮಿದುಳು, ಹೃದಯ, ಯಕೃತ್ತು ಚಲಿಸುತ್ತಲೇ ಇದ್ದು ಎಲುಬಿನ ಗೋಡೆಗೆ ಅಪ್ಪಳಿಸುತ್ತವೆ. ಹೊರಗೆ ಗಾಯವೇ ಇಲ್ಲದವರು ಆಸ್ಪತ್ರೆಯಲ್ಲಿ ಸಾಯುವುದಕ್ಕೆ ಇದೂ ಒಂದು ಕಾರಣ.

ಸ್ವೀಡನ್ನಿನ ನಿಲ್ಸ್ ಬೋಲಿನ್ 1959ರಲ್ಲಿ ವೋಲ್ವೊ ಕಂಪನಿಗಾಗಿ ರೂಪಿಸಿದ ಮೂರು ಬಿಂದುಗಳ ಸೀಟ್‌ಬೆಲ್ಟ್ ಬಲವನ್ನು ಎದೆಯ ಗೂಡು ಮತ್ತು ಸೊಂಟದ ಗಟ್ಟಿ ಎಲುಬುಗಳಿಗೆ ಹಂಚುತ್ತದೆ, ಜೊತೆಗೆ ತುಸು ಹಿಗ್ಗಿ ಇನ್ನಷ್ಟು ಸಮಯ ಕೊಡುತ್ತದೆ. ಆ ಪೇಟೆಂಟನ್ನು ಕಂಪನಿ ಇತರ ತಯಾರಕರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ನಮ್ಮ ದೇಶದಲ್ಲಿ ಬೆಲ್ಟು ಎಂದರೆ ಇಂದಿಗೂ ಮುಂದಿನ ಸೀಟಿನವರ ಪಾಡು. ಹಿಂದೆ ಕುಳಿತವರಿಗೂ ಅದು ಕಡ್ಡಾಯವೆಂಬ ನಿಯಮ ಇದೆಯೆಂದು ಬಹಳ ಮಂದಿಗೆ ಗೊತ್ತಾದದ್ದು 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಅಪಘಾತಕ್ಕೆ ಬಲಿಯಾದಾಗ. ಕಾರು ದುಬಾರಿಯದು, ಸುರಕ್ಷತೆಗೆ ಹೆಸರಾದದ್ದು. ಮುಂದೆ ಕುಳಿತಿದ್ದ ಇಬ್ಬರು ಉಳಿದರು. ಹಿಂದಿನ ಸೀಟಿನಲ್ಲಿದ್ದ ಇಬ್ಬರೂ ಮೃತಪಟ್ಟರು. ಅವರು ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ಹೇಳಿದರು. ಹಿಂದಿನ ಸೀಟು ಕ್ಷೇಮವೆಂಬ ನಮ್ಮ ನಂಬಿಕೆಗೆ ಭೌತವಿಜ್ಞಾನದ ಬೆಂಬಲವಿಲ್ಲ. ಅಲ್ಲಿ ಕುಳಿತವನ ಸಂವೇಗವೂ ಅಷ್ಟೇ ಇರುತ್ತದೆ. ಅವನು ಬಂದು ಗುದ್ದುವುದು ಮುಂದಿನ ಸೀಟಿಗೆ. ಅಲ್ಲಿ ನಿಯಮ ಪಾಲಿಸಿ ಬೆಲ್ಟ್ ಕಟ್ಟಿಕೊಂಡು ಕುಳಿತವರ ಬೆನ್ನಿಗೆ.

ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವ ತಾಯಂದಿರ ಮಾತು ಬೇರೆಯೇ. ‘ನಾನು ಗಟ್ಟಿಯಾಗಿ ಹಿಡಿದುಕೊಂಡಿರುತ್ತೇನೆ’ ಎಂಬುದರಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆದರೆ ಮೇಲಿನ ಲೆಕ್ಕದ ಪ್ರಕಾರವೇ ಹತ್ತು ಕೆ.ಜಿ. ತೂಕದ ಕೂಸು ಡಿಕ್ಕಿಯ ಆ ಕ್ಷಣದಲ್ಲಿ ನೂರರವತ್ತು ಕೆ.ಜಿ.ಯಂತೆ ಎಳೆಯುತ್ತದೆ. ಅಂದರೆ ಮೂರು ಮೂಟೆ ಸಿಮೆಂಟಿಗಿಂತ ಹೆಚ್ಚು. ಯಾವ ತಾಯಿಯ ತೋಳೂ ಅದನ್ನು ಹಿಡಿದು ನಿಲ್ಲಿಸಲಾರದು.

ಇಷ್ಟೆಲ್ಲ ಕಾರಿನ ಮಾತಾಯಿತು. ನಮ್ಮ ರಸ್ತೆಗಳಲ್ಲಿ ಹೆಚ್ಚು ಸಾಯುವವರು ಕಾರಿನವರಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು. ಆ ವರ್ಷ ಹೆಲ್ಮೆಟ್ ಧರಿಸದೆ ಸತ್ತ ಸವಾರರು ಮತ್ತು ಹಿಂಬದಿ ಸವಾರರ ಸಂಖ್ಯೆ 50,029. ಸಾಧಾರಣ ತಾಲ್ಲೂಕು ಕೇಂದ್ರವೊಂದರ ಜನಸಂಖ್ಯೆ ಇದು.

ದ್ವಿಚಕ್ರ ವಾಹನಕ್ಕೆ ಮಡಚಿಕೊಳ್ಳುವ ಮೂತಿಯಿಲ್ಲ, ಪಂಜರವಿಲ್ಲ. ಸವಾರನಿಗೆ ಸಿಗಬಹುದಾದ ಒಂದೇ ಕಾಲಾವಕಾಶ ಹೆಲ್ಮೆಟ್ಟಿನೊಳಗಿದೆ. ಅದು ಎಲ್ಲಿದೆ ಎಂಬುದರ ಬಗ್ಗೆಯೂ ನಮ್ಮಲ್ಲಿ ತಪ್ಪು ಕಲ್ಪನೆಯಿದೆ. ಹೆಲ್ಮೆಟ್ ಕೊಳ್ಳುವವರು ಹೊರಗಿನ ಚಿಪ್ಪನ್ನು ಗೆಣ್ಣಿನಿಂದ ಕುಟ್ಟಿ ನೋಡುತ್ತಾರೆ. ಚಿಪ್ಪಿನ ಕೆಲಸ ಚೂಪಾದ ವಸ್ತುಗಳನ್ನು ತಡೆಯುವುದು, ಪೆಟ್ಟನ್ನು ಅಗಲಕ್ಕೆ ಹರಡುವುದು. ಪ್ರಾಣ ಉಳಿಸುವುದು ಅದರ ಒಳಗೆ ಬಟ್ಟೆಯ ಹಿಂದೆ ಅಡಗಿರುವ ಬಿಳಿಯದೋ ಕಪ್ಪಿನದೋ ಆದ ದಪ್ಪ ಪದರ. ಅದು ಟಿ.ವಿ. ಪೆಟ್ಟಿಗೆಯೊಳಗೆ ಬರುವ, ಗಣೇಶನ ಹಬ್ಬಕ್ಕೆ ಮಂಟಪ ಕತ್ತರಿಸುವ ಥರ್ಮೋಕೋಲಿನ ಜಾತಿಯದೇ ವಸ್ತು, ಇನ್ನಷ್ಟು ಒತ್ತಾಗಿ ಮಾಡಿದ್ದು.

ಸಾಮಾನ್ಯ ಎತ್ತರದ ಸವಾರನ ತಲೆ ರಸ್ತೆಯಿಂದ ಸುಮಾರು ಒಂದೂವರೆ ಮೀಟರ್ ಮೇಲಿರುತ್ತದೆ. ಗಾಡಿ ನಿಂತಿದ್ದರೂ ಅಷ್ಟು ಎತ್ತರದಿಂದ ತಲೆ ಕೆಳಗೆ ಬಿದ್ದರೆ ನೆಲ ಮುಟ್ಟುವ ವೇಗ ಗಂಟೆಗೆ ಹತ್ತಿರಹತ್ತಿರ 20 ಕಿ.ಮೀ. ಟಾರು ರಸ್ತೆ ಕುಸಿಯುವುದಿಲ್ಲ, ತಲೆಬುರುಡೆಗೆ ಕುಸಿಯಲು ಮೂರು ಮಿಲಿಮೀಟರಿನಷ್ಟೂ ಜಾಗವಿಲ್ಲ. ಮೂರು ಮಿಲಿಮೀಟರ್ ಎಂದೇ ಇಟ್ಟುಕೊಂಡರೂ ತಲೆ ನಿಲ್ಲಲು ಸಿಗುವುದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ. ಅದರ ಮೇಲೆ ಬೀಳುವ ಸರಾಸರಿ ಬಲ ತಲೆಯ ತೂಕದ ಐನೂರು ಪಟ್ಟು. ನಡುವೆ ಆ ಥರ್ಮೋಕೋಲ್ ಇದ್ದು, ಎರಡು ಸೆಂಟಿಮೀಟರ್ ಅಪ್ಪಚ್ಚಿಯಾದರೆ ಸಮಯ ಸಾವಿರದಲ್ಲಿ ಏಳು ಭಾಗಕ್ಕೆ ಏರುತ್ತದೆ, ಬಲ ಎಪ್ಪತ್ತೈದು ಪಟ್ಟಿಗೆ ಇಳಿಯುತ್ತದೆ. ಸಾವಿರದಲ್ಲಿ ಒಂದಕ್ಕೂ ಏಳಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಲ್ಲ. ಒಮ್ಮೆ ಕಣ್ಣು ಮಿಟುಕಿಸಲು ಬೇಕಾದ ಸಮಯ ಅದಕ್ಕಿಂತ ಹತ್ತಾರು ಪಟ್ಟು ಹೆಚ್ಚು.

ಈ ಲೆಕ್ಕದಲ್ಲಿ ಗಾಡಿಯ ವೇಗ ಎಲ್ಲಿಯೂ ಬಂದಿಲ್ಲವೆಂಬುದನ್ನು ಗಮನಿಸಬೇಕು. ಬಿದ್ದ ಸವಾರ ಎದುರಿಗೆ ಏನೂ ಸಿಗದಿದ್ದರೆ ರಸ್ತೆಯ ಮೇಲೆ ಉಜ್ಜಿಕೊಂಡು ಹೋಗುತ್ತಾನೆ. ಗಾಡಿಯ ವೇಗ ಹಲವು ಮೀಟರುಗಳ ಉದ್ದಕ್ಕೆ ಕರಗುತ್ತದೆ, ಚರ್ಮ ಕಿತ್ತುಬಂದರೂ ಸರಿ. ತಲೆ ನೆಲಕ್ಕೆ ಬೀಳುವ ವೇಗ ಮಾತ್ರ ಒಂದೇ ಏಟಿಗೆ ಮುಗಿಯುತ್ತದೆ. ‘ಇಲ್ಲೇ ದಿನಸಿ ಅಂಗಡಿಗೆ ಹೋಗಿಬರಲು ಹೆಲ್ಮೆಟ್ ಯಾಕೆ, ನಿಧಾನಕ್ಕೆ ತಾನೇ ಓಡಿಸುತ್ತೇನೆ’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಬೆಂಗಳೂರಿನ ಪಾದಚಾರಿ ಮಾರ್ಗಗಳಲ್ಲಿ ಗುಡ್ಡೆಹಾಕಿ ಮಾರುವ ಟೋಪಿಯಂಥ ಅರ್ಧ ಹೆಲ್ಮೆಟ್ಟುಗಳಲ್ಲಿ ಈ ಪದರವೇ ಇರುವುದಿಲ್ಲ, ಇದ್ದರೂ ತೆಳು ಸ್ಪಂಜು. ಅದನ್ನು ಧರಿಸಿದರೆ ಕ್ಯಾಮೆರಾಗಳಿಂದ ತಪ್ಪಿಸಿಕೊಳ್ಳಬಹುದು, ರಸ್ತೆಯಿಂದ ತಪ್ಪಿಸಿಕೊಳ್ಳಲಾಗದು. ಐ.ಎಸ್.ಐ. ಮುದ್ರೆಯಿಲ್ಲದ ಹೆಲ್ಮೆಟ್ಟುಗಳ ಮಾರಾಟ 2021ರ ಜೂನ್ 1ರಿಂದ ನಿಷಿದ್ಧ. ಧರಿಸಿದವನನ್ನು ಹಿಡಿಯುವಷ್ಟು ಉತ್ಸಾಹ ಮಾರಿದವನನ್ನು ಹಿಡಿಯುವುದರಲ್ಲಿ ಕಾಣುವುದಿಲ್ಲ. ಇನ್ನು ಗದ್ದದ ಪಟ್ಟಿ ಬಿಗಿಯದವರದು ಮತ್ತೊಂದು ಬಗೆ. ಅವರ ಹೆಲ್ಮೆಟ್ ಅವರಿಗಿಂತ ಮೊದಲೇ ಹಾರಿಹೋಗುತ್ತದೆ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು ಹೊರಗೆ ಬಿರುಕಿಲ್ಲವೆಂದು ಮುಂದುವರಿಸುವುದೂ ತಪ್ಪು. ಅಪ್ಪಚ್ಚಿಯಾದ ಥರ್ಮೋಕೋಲ್ ಮತ್ತೆ ಉಬ್ಬುವುದಿಲ್ಲ. ತನ್ನ ಬಳಿಯಿದ್ದ ಎರಡು ಸೆಂಟಿಮೀಟರನ್ನು ಅದು ಆಗಲೇ ಖರ್ಚು ಮಾಡಿರುತ್ತದೆ.

ಸಂವೇಗದ ಪಾಠದಲ್ಲಿ ಇನ್ನೊಂದು ಅಧ್ಯಾಯವಿದೆ. ಅದು ಅಸಮಾನರ ಡಿಕ್ಕಿಯದು. ಹದಿನಾರು ಟನ್ ತೂಕದ ಲಾರಿ ಮತ್ತು ಒಂದು ಟನ್ ತೂಕದ ಕಾರು, ಎರಡೂ ಗಂಟೆಗೆ 40 ಕಿ.ಮೀ. ವೇಗದಲ್ಲಿ ಮುಖಾಮುಖಿಯಾಗಿ ಗುದ್ದಿ ಅಂಟಿಕೊಂಡವೆನ್ನಿ. ಸಂವೇಗಗಳನ್ನು ಕೂಡಿ ಕಳೆದರೆ ಎರಡೂ ಒಟ್ಟಾಗಿ ಲಾರಿಯ ದಿಕ್ಕಿನಲ್ಲೇ 35 ಕಿ.ಮೀ. ವೇಗದಲ್ಲಿ ಮುಂದುವರಿಯುತ್ತವೆ. ಲಾರಿ ಕಳೆದುಕೊಂಡದ್ದು ಐದು ಕಿ.ಮೀ.; ಚಾಲಕನಿಗೆ ಯಾರೋ ಗಟ್ಟಿಯಾಗಿ ಬ್ರೇಕ್ ಒತ್ತಿದಂತೆ ಅನ್ನಿಸೀತು. ಕಾರಿನ ವೇಗ ಬದಲಾದದ್ದು 75 ಕಿ.ಮೀ.; ಅದು ಮುಂದಕ್ಕೆ ಹೋಗುತ್ತಿದ್ದದ್ದು ನಿಂತು, ಕಣ್ಣೆವೆ ಮುಚ್ಚುವುದರೊಳಗೆ ಹಿಂದಕ್ಕೆ ಓಡತೊಡಗಿತು. ಎರಡರ ಮೇಲೂ ಬಿದ್ದ ಬಲ ಒಂದೇ, ಕಾಲ ಒಂದೇ. ನ್ಯೂಟನ್ನನ ಮೂರನೆಯ ನಿಯಮ ಪಕ್ಷಪಾತ ಮಾಡುವುದಿಲ್ಲ. ಆದರೆ ಫಲವನ್ನು ಉಣ್ಣುವವನು ಹಗುರಾದವನು. ಸ್ಕೂಟರ್ ಮತ್ತು ಬಸ್ಸಿನ ವಿಷಯದಲ್ಲಿ ಈ ಲೆಕ್ಕ ಮಾಡುವ ಅಗತ್ಯವೂ ಇಲ್ಲ.

ಅಂದಹಾಗೆ, ಸಮಾನ ತೂಕದ ಎರಡು ಕಾರುಗಳು ತಲಾ 50 ಕಿ.ಮೀ. ವೇಗದಲ್ಲಿ ಮುಖಾಮುಖಿಯಾದರೆ ಅದು ನೂರು ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿದಂತೆ ಎಂದು ಆಗಾಗ ಓದುತ್ತೇವೆ. ಹಾಗೇನಿಲ್ಲ. ಎರಡೂ ಇದ್ದಲ್ಲೇ ನಿಲ್ಲುತ್ತವೆ, ಎರಡಕ್ಕೂ ಮಡಚಿಕೊಳ್ಳುವ ಮೂತಿಯಿದೆ. ಪ್ರತಿಯೊಂದಕ್ಕೂ ಅದು 50 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿದಷ್ಟೇ.

ತಂತ್ರಜ್ಞಾನದ ರಕ್ಷಣೆಗೆ ಒಂದು ಎಲ್ಲೆಯಿದೆ ಎಂಬುದು ನಮ್ಮ ನಾಡಿಗೆ ಮನದಟ್ಟಾದದ್ದು 2024ರ ಡಿಸೆಂಬರ್ 21ರಂದು. ನೆಲಮಂಗಲದ ಬಳಿ ಹೆದ್ದಾರಿಯಲ್ಲಿ ಕಂಟೇನರ್ ಲಾರಿಯೊಂದು ವಿಭಜಕ ದಾಟಿ ಬಂದು ಕಾರಿನ ಮೇಲೆ ಮಗುಚಿತು. ಜಗತ್ತಿನ ಅತಿ ಸುರಕ್ಷಿತ ಕಾರುಗಳಲ್ಲೊಂದೆಂದು ಹೆಸರಾದ ವೋಲ್ವೊ ಅದು. ಒಳಗಿದ್ದ ಒಂದೇ ಕುಟುಂಬದ ಆರು ಮಂದಿಯೂ ಮೃತಪಟ್ಟರು. ಇಂಥ ಕಾರೂ ಉಳಿಸಲಿಲ್ಲವೆಂದ ಮೇಲೆ ಬೆಲ್ಟೇನು, ಏರ್‌ಬ್ಯಾಗೇನು ಎಂಬ ನಿರಾಶೆಯ ಮಾತು ಆಗ ಬಹಳ ಕೇಳಿಬಂತು. ಆ ದುಃಖ ಅರ್ಥವಾಗುವಂಥದ್ದು, ತೀರ್ಮಾನ ಸರಿಯಲ್ಲ. ಕಾರಿನ ಮುಂದಕ್ಕೆ ಮಡಚಿಕೊಳ್ಳುವ ಜಾಗವಿದೆ. ನೆತ್ತಿಯ ಮೇಲೆ ಇಲ್ಲ. ಕಾರು ತಾನೇ ಉರುಳಿದಾಗ ತನ್ನ ತೂಕದ ಕೆಲವು ಪಟ್ಟನ್ನು ತಡೆಯುವಂತೆ ಚಾವಣಿಯನ್ನು ಕಟ್ಟಿರುತ್ತಾರೆ. ಸರಕು ತುಂಬಿದ ಕಂಟೇನರ್ ಮೇಲೆ ಬಿದ್ದರೆ ಅದು ಕ್ಷಣದಲ್ಲಿ ಬಂದು ಹೋಗುವ ಗುದ್ದು ಮಾತ್ರವಲ್ಲ, ಅಲ್ಲೇ ಕುಳಿತುಬಿಡುವ ಹೊರೆ. ಅಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಕಾರಿನದಲ್ಲ. ಭಾರಿ ವಾಹನವೊಂದು ವಿಭಜಕವನ್ನು ದಾಟಿ ಇತ್ತ ಬರುವಂತೆ ಹೆದ್ದಾರಿ ಹೇಗಿತ್ತು ಎಂಬುದು.

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು 2023ರ ಆಗಸ್ಟ್ 1ರಿಂದ ಹೊರಗಿಟ್ಟಾಗ ಅದು ಸಿರಿವಂತರ ರಸ್ತೆಯಾಯಿತೆಂಬ ಆಕ್ಷೇಪ ಎದ್ದಿತು. ಸರ್ವಿಸ್ ರಸ್ತೆಗಳ ದುಃಸ್ಥಿತಿಯ ಮಟ್ಟಿಗೆ ಆ ಆಕ್ಷೇಪ ನ್ಯಾಯವಾದದ್ದು. ಆದರೆ ನೂರು ಕಿ.ಮೀ. ವೇಗದ ಬಸ್ಸನ್ನೂ ಐವತ್ತರ ಮೊಪೆಡ್ಡನ್ನೂ ಒಂದೇ ಪಥದಲ್ಲಿ ಬಿಡುವುದು ಸಮಾನತೆಯಲ್ಲ.

ಸರ್ಕಾರ ಮಾಡಬೇಕಾದ ಕೆಲಸಗಳಲ್ಲಿ ಹೆಚ್ಚಿನವು ದೊಡ್ಡ ಹಣದ್ದಲ್ಲ, ಲಕ್ಷ್ಯದ್ದು. ಲಾರಿಯ ಹಿಂಭಾಗದಲ್ಲಿ ಕೆಳಮಟ್ಟಕ್ಕೆ ಒಂದು ಗಟ್ಟಿಯಾದ ಕಬ್ಬಿಣದ ಅಡ್ಡಪಟ್ಟಿ ಇರಬೇಕೆಂದು ನಿಯಮವಿದೆ. ಹಿಂದಿನಿಂದ ಬಂದ ಕಾರಿನ ಮೂತಿ ಅದಕ್ಕೆ ತಾಗಿದರೆ ಮಡಚಿಕೊಳ್ಳುತ್ತದೆ, ಸಮಯ ಸಿಗುತ್ತದೆ. ಪಟ್ಟಿ ಇಲ್ಲದಿದ್ದರೆ, ಇದ್ದೂ ತುಕ್ಕು ಹಿಡಿದು ಜೋತಾಡುತ್ತಿದ್ದರೆ, ಬಾನೆಟ್ ಲಾರಿಯಡಿಗೆ ನುಸುಳಿಹೋಗಿ ಲಾರಿಯ ಹಲಗೆ ನೇರವಾಗಿ ಗಾಜಿನ ಮಟ್ಟಕ್ಕೆ ಬರುತ್ತದೆ. ಬಾರೆನಿಯ ಇಡೀ ವಿದ್ಯೆ ಅಲ್ಲಿ ವ್ಯರ್ಥ. ರಾತ್ರಿ ಹೆದ್ದಾರಿಯ ಅಂಚಿನಲ್ಲಿ ದೀಪವಿಲ್ಲದೆ ನಿಲ್ಲಿಸಿದ ಲಾರಿಗಳಿಗೆ ಗುದ್ದಿ ಸತ್ತವರ ಸುದ್ದಿ ವಾರಕ್ಕೊಮ್ಮೆಯಾದರೂ ಬರುತ್ತದೆ. ಆ ಲಾರಿಗೆ ಅಡ್ಡಪಟ್ಟಿ ಇತ್ತೇ ಎಂಬ ವಿವರ ಮಾತ್ರ ಬರುವುದಿಲ್ಲ. ರಸ್ತೆಬದಿಯ ಉಕ್ಕಿನ ತಡೆಪಟ್ಟಿಯೂ ಬಾಗುವುದಕ್ಕೆಂದೇ ಇದೆ. ಅದರ ಜಾಗದಲ್ಲಿ ಚಚ್ಚೌಕದ ಕಾಂಕ್ರೀಟ್ ಕಂಬಗಳನ್ನು ನೆಟ್ಟು ಹಳದಿ ಕಪ್ಪು ಬಣ್ಣ ಬಳಿಯುವುದು ಸುರಕ್ಷತೆಯಲ್ಲ. ಹಾಗೆಂದು ಸಾಲುಮರಗಳನ್ನು ಕಡಿಯಬೇಕೆಂದು ಯಾರೂ ಈ ಲೇಖನವನ್ನು ಉದ್ಧರಿಸಬಾರದು. ಮರದ ಮುಂದೆ ಒಂದು ತಡೆಪಟ್ಟಿ ಹಾಕಲು ಸಾಧ್ಯವಿದೆ.

ಮಕ್ಕಳ ವಿಷಯಕ್ಕೆ ಮತ್ತೆ ಬರಬೇಕಾಗುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ನಾಲ್ಕು ವರ್ಷ ಮೀರಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯವೆಂದಿತು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳನ್ನು ದ್ವಿಚಕ್ರ ವಾಹನದಲ್ಲಿ ಒಯ್ಯುವಾಗ ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ ಮತ್ತು ಮಗುವಿನ ಅಳತೆಯ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಎಂಬ ನಿಯಮವನ್ನು ಕೇಂದ್ರ 2022ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಒಂದು ವರ್ಷದ ಅವಧಿ ಕೊಟ್ಟು 2023ರ ಫೆಬ್ರುವರಿಯಿಂದ ಅದು ಜಾರಿಗೆ ಬರಬೇಕಿತ್ತು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಗರದ ಯಾವುದೇ ಶಾಲೆಯ ಗೇಟಿನ ಮುಂದೆ ನಿಂತು ನೋಡಿದರೆ ಅಂಥ ಪಟ್ಟಿಯನ್ನು ಕಟ್ಟಿಕೊಂಡ ಮಗು ಸಿಗುವುದು ಅಪರೂಪ. ಅಪ್ಪನ ತಲೆಯ ಮೇಲೆ ಹೆಲ್ಮೆಟ್ ಇರುತ್ತದೆ. ಮಗು ಸ್ಕೂಟರಿನ ಮುಂದೆ ಕಾಲಿಡುವ ಜಾಗದಲ್ಲಿ ಬರಿತಲೆಯಲ್ಲಿ ನಿಂತು ಎರಡೂ ಕೈಗಳಿಂದ ಕನ್ನಡಿಯ ಕಡ್ಡಿಗಳನ್ನು ಹಿಡಿದುಕೊಂಡಿರುತ್ತದೆ. ಅದರ ಎದೆಯ ಮುಂದೆ ಒಂದು ಗೇಣು ದೂರದಲ್ಲಿ ಹ್ಯಾಂಡಲ್ಲು. ಬೆನ್ನ ಹಿಂದೆ, ಅದೇ ವೇಗದಲ್ಲಿ, ಅಪ್ಪನ ಎಪ್ಪತ್ತು ಕೆ.ಜಿ.